ಒಂದೇ ಹೆಸರಿನ ಎರಡು ಮೀನು

ಜಗತ್ತಿನಲ್ಲಿ ಇದುವರೆಗೆ ತೂಗಿ ದಾಖಲಿಸಿದ ಸಿಹಿನೀರಿನ ಮೀನುಗಳಲ್ಲಿ ಅತಿ ದೊಡ್ಡದು ಕಾಂಬೋಡಿಯಾದ ಒಂದು ತೊರಕೆ. 2022ರಲ್ಲಿ ಮೆಕಾಂಗ್ ನದಿಯಲ್ಲಿ ಸಿಕ್ಕ ಅದರ ತೂಕ 300 ಕಿಲೋ. ಅದನ್ನು ಜೀವಂತವಾಗಿ ನದಿಗೇ ಬಿಟ್ಟರು. ಕನ್ನಡನಾಡಿನ ನದಿಗಳ ದೈತ್ಯ ಎಂದರೆ ಕಾವೇರಿಯ ಡುಬ್ಬದ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡು, ಸುಮಾರು 54 ಕಿಲೋ ಇತ್ತು. ಈ ಮೀನಿನ ಕತೆಗೂ ಮುಂಬಯಿಯ ದೀಪಗಳಿಗೂ ಒಂದು ನಂಟಿದೆ.

ಮುಂಬಯಿಯ ಗಿರಣಿಗಳಿಗೆ ಜಲವಿದ್ಯುತ್ತು ಬಂದದ್ದು 1915ರಲ್ಲಿ, ಘಟ್ಟದ ಬುಡದ ಖೋಪೋಲಿಯಿಂದ. ಅದಕ್ಕಾಗಿ ಲೋಣಾವಳದ ಸುತ್ತ ಟಾಟಾ ಕಂಪನಿ ಅಣೆಕಟ್ಟುಗಳನ್ನು ಕಟ್ಟಿತು. ಮುಂದೆ 1970ರ ದಶಕದಲ್ಲಿ, ದೇಶದ ನದಿಗಳಲ್ಲಿ ಮಹಶೀರ್ ಕಡಿಮೆಯಾಗುತ್ತಿದ್ದಾಗ, ಅದೇ ಕಂಪನಿ ಲೋಣಾವಳದಲ್ಲಿ ಮಹಶೀರ್ ಮರಿ ಮಾಡಿಸುವ ಕೆಲಸಕ್ಕೆ ಕೈಹಾಕಿತು. ಹಿಡಿದ ಮೀನಿನಿಂದ ಮೊಟ್ಟೆ ತೆಗೆದು ಮರಿ ಮಾಡಿ ಬೆಳೆಸುವುದು ಸುಲಭದ ವಿದ್ಯೆಯಲ್ಲ. ಅಲ್ಲಿ ಅದು ಕೈಗೂಡಿತು. ಮರಿಗಳು ಬೇರೆ ರಾಜ್ಯಗಳಿಗೂ ಹೋದವು, ಕಾವೇರಿಗೂ ಬಂದವು.

ಆದರೆ ಅಲ್ಲಿ ಹುಟ್ಟಿದ್ದು ನೀಲಿ ರೆಕ್ಕೆಯ ಮಹಶೀರ್. ಪುಣೆಯ ಮುಳಾ-ಮುಠಾ ನದಿಯ ಮೀನನ್ನು ನೋಡಿ 1839ರಲ್ಲಿ ಸೈಕ್ಸ್ ವರ್ಣಿಸಿದ ಜಾತಿ ಅದು. ಕಾವೇರಿಯದು ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಬೇರೆಯದೇ ಮೀನು. ಹೊಸಬ ಚೆನ್ನಾಗಿ ಒಗ್ಗಿಕೊಂಡ. ವರ್ಷ ಕಳೆದಂತೆ ಕಾವೇರಿಯಲ್ಲಿ ಗಾಳ ಹಾಕುವವರಿಗೆ ನೀಲಿ ರೆಕ್ಕೆಯವು ಹೆಚ್ಚು ಹೆಚ್ಚು ಸಿಕ್ಕವು, ಡುಬ್ಬದವು ಅಪರೂಪವಾದವು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಗಳೂ ತಮ್ಮ ಪಾಲಿನ ಹಾನಿ ಮಾಡಿದ್ದವು. ಆದರೂ ಮಹಶೀರ್ ಉಳಿಯಿತು ಎಂಬ ಸಮಾಧಾನದ ಮರೆಯಲ್ಲೇ ಒಂದು ಮಹಶೀರ್ ಕರಗುತ್ತಾ ಹೋಯಿತು.

ಇದರಲ್ಲಿ ಯಾರ ಕೇಡುಬುದ್ಧಿಯೂ ಇರಲಿಲ್ಲ. ಇದ್ದದ್ದು ಎರಡನ್ನೂ ಮುಚ್ಚುವಷ್ಟು ಅಗಲವಾದ ಒಂದು ಹೆಸರು. ಮುಂಬಯಿಯ ಮೀನುಪೇಟೆಯಲ್ಲಿ ಕರಾವಳಿಯ ಹೆಂಗಸೊಬ್ಬಳು ಬಂಗುಡೆ ಕೇಳಿದರೆ, ಎರಡೂ ಮೀನೇ ತಾನೆ ಎಂದು ಅವಳ ಚೀಲಕ್ಕೆ ಬೂತಾಯಿ ಹಾಕಿ ಕಳಿಸಲಾಗದು. ಅಡುಗೆಮನೆಗಿದ್ದ ಈ ವಿವೇಕ ನದಿಯ ವಿಚಾರದಲ್ಲಿ ತಡವಾಗಿ ಬಂತು. ಕಾವೇರಿಯ ಮೀನು ಟಾರ್ ರೆಮಾದೇವಿಯೈ ಎಂಬ ಜಾತಿಯದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯನ್ನೂ ಸೇರಿತು.

ಮರಿ ಮಾಡಿಸುವ ವಿದ್ಯೆ ಈಗ ಕೈಯಲ್ಲಿದೆ. ಡುಬ್ಬದ ಮೀನಿಗೂ ಅದು ಒದಗಬಹುದು, ಮೊಟ್ಟೆ ಕೊಡುವ ತಾಯಿ ಮೀನುಗಳು ಹೊಳೆಯಲ್ಲಿ ಉಳಿದಿದ್ದರೆ.