ಎರಡನೆಯ ಹುದುಗು

ಬೃಹದಾರಣ್ಯಕೋಪನಿಷತ್ತಿನಲ್ಲಿ ಒಂದು ಪ್ರಸಂಗವುಂಟು. ಶ್ವೇತಕೇತುವು ತಂದೆಯ ಬಳಿ ತನ್ನ ವಿದ್ಯೆ ಮುಗಿಯಿತೆಂಬ ಭಾವನೆಯಿಂದ ಪಾಂಚಾಲರ ಪರಿಷತ್ತಿಗೆ ಹೋದನು. ಅಲ್ಲಿ ಪ್ರವಾಹಣ ಜೈವಲಿಯೆಂಬ ರಾಜನು ಒಂದಾದ ಮೇಲೊಂದರಂತೆ ಐದು ಪ್ರಶ್ನೆಗಳನ್ನು ಕೇಳಿದನು. ಒಂದಕ್ಕೂ ಉತ್ತರ ತೋರಲಿಲ್ಲ. ಯುವಕನು ರಾಜನ ಆತಿಥ್ಯವನ್ನೂ ಸ್ವೀಕರಿಸದೆ ಮನೆಗೆ ಓಡಿಬಂದು, ಎಲ್ಲವನ್ನೂ ಕಲಿಸಿದೆನೆಂದು ಹೇಳಿದ ತಂದೆಯನ್ನೇ ಆಕ್ಷೇಪಿಸಿದನು. ತಂದೆಯಾದ ಗೌತಮನು ತನಗೆ ತಿಳಿದುದನ್ನೆಲ್ಲ ಹೇಳಿಕೊಟ್ಟಿರುವೆನೆಂದೂ ತಿಳಿಯದುದನ್ನು ಇಬ್ಬರೂ ಹೋಗಿ ಆ ರಾಜನಲ್ಲಿ ಶಿಷ್ಯವೃತ್ತಿಯಿಂದಿದ್ದು ಕಲಿಯೋಣವೆಂದೂ ಹೇಳಿದನು. ಮಗನು ಬರಲೊಲ್ಲೆನೆಂದನು; ತಂದೆಯೇ ಹೋದನು.

ಉಪಾಧ್ಯಾಯವೃತ್ತಿಯಲ್ಲಿ ದಿನ ಕಳೆದವರು ಈ ಕಥೆಯಲ್ಲಿ ತತ್ತ್ವದೊಂದಿಗೆ ಮತ್ತೊಂದು ಸಣ್ಣ ಸಂಗತಿಯನ್ನೂ ಗಮನಿಸದೆ ಇರಲಾರರು. ಕಲಿಯುವ ಪ್ರಾಯದವನಿಗೆ ನಾಚಿಕೆ ಅಡ್ಡಬಂದಿತು; ಕಲಿಸುವ ಪ್ರಾಯದವನಿಗೆ ಬರಲಿಲ್ಲ. ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿಪರೀತ. ಎಂಟು ವರ್ಷದ ಬಾಲಕನು ತಪ್ಪು ಹೇಳಿ ನಕ್ಕು ಕುಳಿತುಕೊಳ್ಳುವನು. ನಲವತ್ತರ ಗೃಹಸ್ಥನಿಗೆ ತಪ್ಪು ಹೇಳುವುದೆಂದರೆ ಮಾನದ ಪ್ರಶ್ನೆ. ಮನೆಯಲ್ಲಿ ಮಕ್ಕಳಿಗೆ ಪಾಠ ಒಪ್ಪಿಸಿಕೊಳ್ಳುವವನು ತಾನೇ ಮತ್ತೊಬ್ಬರ ಮುಂದೆ ಪಾಠ ಒಪ್ಪಿಸಬೇಕಾದಾಗ ನಾಲಗೆ ಒಣಗುತ್ತದೆ. ಆದರೂ ಎಲ್ಲ ದೇಶಗಳಲ್ಲಿಯೂ ಎಲ್ಲ ವಿದ್ಯೆಗಳಲ್ಲಿಯೂ ಗೌತಮನಂಥವರು ಆಗಾಗ ಕಾಣಿಸಿಕೊಳ್ಳುತ್ತಲೇ ಇರುವರು. ಅಂಥವರಲ್ಲಿ ಇಬ್ಬರ ವೃತ್ತಾಂತವು ಇಲ್ಲಿಯ ವಿಷಯ. ಅವರಿಬ್ಬರೂ ಕಲಿತ ವಿದ್ಯೆಯ ಹೆಸರನ್ನು ಕೇಳಿದೊಡನೆ ಕೆಲವರು ವಾಚಕರು ಹುಬ್ಬೇರಿಸಬಹುದು. ಅದು ದ್ರಾಕ್ಷಿಯಿಂದ ವೈನು ಮಾಡುವ ವಿದ್ಯೆ.

ಪಾನದ ಗುಣದೋಷವಿಚಾರಕ್ಕೆ ಇದು ಸ್ಥಳವಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಕಾಣದವರು ಯಾರೂ ಇಲ್ಲ. ಆದರೆ ವಿದ್ಯೆಯೆಂಬ ದೃಷ್ಟಿಯಿಂದ ನೋಡುವುದಾದರೆ ಇದು ಭಾರತೀಯ ಶಾಸ್ತ್ರಕಾರರಿಗೆ ಅಪರಿಚಿತವಾದುದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುತ್ತ, ದ್ರಾಕ್ಷಿಯ ರಸದಿಂದಾದುದಕ್ಕೆ ಮಧುವೆಂಬ ಸಂಜ್ಞೆಯನ್ನು ಕೊಟ್ಟು, ಹುಟ್ಟಿದ ದೇಶಗಳಿಂದ ಅದಕ್ಕೆ ಬಂದ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಹೇಳಿರುವನು. ಆಯುರ್ವೇದದ ಆಸವಾರಿಷ್ಟಗಳೂ ಹುದುಗಿನಿಂದಲೇ ಸಿದ್ಧವಾಗುವಂಥವು. ಬಾಣಂತಿಗೋ ಬಳಲಿದ ವೃದ್ಧರಿಗೋ ಎಂದು ಮನೆಯ ಗೂಡಿನಲ್ಲಿ ಇಟ್ಟಿರುವ ದ್ರಾಕ್ಷಾರಿಷ್ಟದ ಸೀಸೆಯಲ್ಲಿಯೂ, ದ್ರಾಕ್ಷಿ, ಬೆಲ್ಲ, ಧಾತಕೀಪುಷ್ಪಗಳು ಮುಚ್ಚಿದ ಪಾತ್ರೆಯೊಳಗೆ ದಿನಗಟ್ಟಲೆ ಕುದಿದು ಶಾಂತವಾದ ಚರಿತ್ರೆಯೇ ಅಡಗಿದೆ. ಬೆಂಕಿಯಿಲ್ಲದೆ ಕುದಿಯುವ ಈ ಕುದಿತವು ಏನೆಂಬ ಪ್ರಶ್ನೆಯೇ ಈ ವಿದ್ಯೆಯ ಬೀಜ.

ಈ ವಿದ್ಯೆಯ ಮುಖ್ಯ ಪೀಠಗಳಲ್ಲೊಂದು ಫ್ರಾನ್ಸು ದೇಶದ ಬೋರ್ಡೋ ನಗರ. ಮಲೆನಾಡಿನ ಅಡಕೆ ತೋಟದವರಿಗೆ ಆ ಹೆಸರು ಹೊಸದಲ್ಲ. ಮಳೆಗಾಲದ ಕೊಳೆರೋಗಕ್ಕೆ ಅಡಕೆಯ ಗೊನೆಗಳಿಗೆ ಸಿಂಪಡಿಸುವ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಅವರು ಬೋರ್ಡೋ ಎಂದೇ ಕರೆಯುವರು. 20ನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ನನು ಅಡಕೆಗೆ ಅನ್ವಯಿಸಿದ ಈ ಔಷಧವು ಮೂಲತಃ ದ್ರಾಕ್ಷಿಯ ಬಳ್ಳಿಯ ಬೂಷ್ಟುರೋಗಕ್ಕಾಗಿ 1885ರಲ್ಲಿ ಬೋರ್ಡೋದಲ್ಲಿ ಪ್ರಕಟವಾದುದು. ಅದನ್ನು ಪರೀಕ್ಷಿಸಿ ಸಿದ್ಧಪಡಿಸಿದವರು ಮಿಯಾರ್ಡೆ ಎಂಬ ಸಸ್ಯಶಾಸ್ತ್ರಜ್ಞನೂ ಅವನಿಗೆ ನೆರವಾದ ಯುಲಿಸ್ ಗಾಯೋನ್ ಎಂಬ ರಸಾಯನಶಾಸ್ತ್ರಜ್ಞನೂ. ಈ ಗಾಯೋನನು ಸಾಕ್ಷಾತ್ ಲೂಯಿ ಪಾಶ್ಚರನ ಶಿಷ್ಯ. ಹುದುಗೆಂಬುದು ಜಡವಸ್ತುವಿನ ವಿಕಾರವಲ್ಲ, ಕಣ್ಣಿಗೆ ಕಾಣದ ಜೀವಿಗಳ ಜೀವನವ್ಯಾಪಾರವೆಂದು ತೋರಿಸಿ, 1866ರಲ್ಲಿ ವೈನಿನ ರೋಗಗಳನ್ನು ಕುರಿತು ಗ್ರಂಥವನ್ನೇ ಬರೆದವನು ಪಾಶ್ಚರನು. ಗಾಯೋನನ ಮೊಮ್ಮಗ ಜಾಂ ರಿಬೆರೋ-ಗಾಯೋನನು ತಾತನ ವಿದ್ಯೆಯನ್ನು ಮುಂದುವರಿಸಿದನು. ಹೀಗೆ ಅಲ್ಲಿಯೂ ಒಂದು ಗುರುಪರಂಪರೆ ಬೆಳೆದುಬಂದಿತು.

ಈ ಪರಂಪರೆಗೆ ಹೊರಗಿನಿಂದ ಬಂದು ಸೇರಿದವನು ಎಮಿಲ್ ಪೇನೋ. ಇವನು 1912ರಲ್ಲಿ ಹುಟ್ಟಿದವನು. ಹದಿನೈದನೆಯ ವಯಸ್ಸಿನಲ್ಲಿಯೇ ಬೋರ್ಡೋದ ಕಾಲ್ವೆ ಎಂಬ ಮದ್ಯವರ್ತಕರ ಕೋಠಿಯಲ್ಲಿ ಕೆಲಸಕ್ಕೆ ಸೇರಿದನು. ಮುಂದೆ ರಿಬೆರೋ-ಗಾಯೋನನ ಕೈಕೆಳಗೆ ದುಡಿಯುವ ಯೋಗ ಅವನಿಗೆ ಒದಗಿತು. ವರ್ತಕರು ಕೊಂಡುಕೊಳ್ಳುವ ಮಾಲು ನಾಳೆ ಕೆಡುವುದೋ ಉಳಿಯುವುದೋ ಎಂಬುದನ್ನು ಇಂದೇ ತಿಳಿಯಬೇಕು. ಪರೀಕ್ಷೆಯೆಂದರೆ ಅಲ್ಲಿ ಅದು. ಉತ್ತರ ತಪ್ಪಿದರೆ ಅಂಕ ಹೋಗುವುದಿಲ್ಲ, ಪೀಪಾಯಿಗಳೇ ಹೋಗುವುವು.

ಅಂಥ ಉಗ್ರಾಣಗಳಲ್ಲಿ ದುಡಿದವರಿಗೆ ಒಂದು ಸೋಜಿಗವು ಎಂದಿನಿಂದಲೂ ಕಾಣುತ್ತಿತ್ತು. ಶರತ್ಕಾಲದಲ್ಲಿ ಹಣ್ಣನ್ನು ತುಳಿದು ಹುದುಗಿಗೆ ಇಟ್ಟರೆ ರಸವು ಕೆಲವು ದಿನ ಕುದಿದು, ಸಿಹಿಯೆಲ್ಲ ಕಳೆದು, ಶಾಂತವಾಗುವುದು. ಚಳಿಗಾಲವೆಲ್ಲ ಪೀಪಾಯಿಗಳು ಮೌನವಾಗಿರುವುವು. ವಸಂತ ಬಂದಾಗ, ಯಾರೂ ಮುಟ್ಟದಿದ್ದರೂ, ಕೆಲವು ಪೀಪಾಯಿಗಳಲ್ಲಿ ಮತ್ತೆ ಗುಳ್ಳೆಗಳೇಳುವುವು. ತೋಟದಲ್ಲಿ ಬಳ್ಳಿಗೆ ಹೊಸ ರಸವೇರುವಾಗ ಅದರ ಹಳೆಯ ರಸವೂ ತಾಯನ್ನು ನೆನೆದು ಚಲಿಸುವುದೆಂದು ಹಳ್ಳಿಯವರು ನಂಬಿದ್ದರು. ನಂಬಿಕೆ ಸುಂದರವಾದುದು, ಆದರೆ ಪೀಪಾಯಿಯನ್ನು ಕಾಪಾಡಲು ಅದರಿಂದ ಉಪಯೋಗವಿಲ್ಲ. ಅನೇಕರು ಇದನ್ನು ಒಂದು ರೋಗವೆಂದೇ ಎಣಿಸುತ್ತಿದ್ದರು. ಕೆಲವು ವರ್ಷ ಆಗುವುದು, ಕೆಲವು ವರ್ಷ ಆಗದು. ಆದಾಗ ಕೆಲವು ವೇಳೆ ಸೊಗಸು, ಕೆಲವು ವೇಳೆ ಹಾಳು.

ಇದರ ಮರ್ಮವನ್ನು ವಿಶದಪಡಿಸಿ ಉಗ್ರಾಣದ ನಿತ್ಯದ ಕೆಲಸಕ್ಕೆ ತಂದವರಲ್ಲಿ ರಿಬೆರೋ-ಗಾಯೋನನೂ ಪೇನೋವೂ ಮುಖ್ಯರು. ಮೊದಲನೆಯ ಹುದುಗು ಯೀಸ್ಟ್ ಎಂಬ ಅಣುಜೀವಿಯದು. ಅದು ಸಿಹಿಯನ್ನು ಮದ್ಯಸಾರವಾಗಿ ಮಾಡುವುದು. ಎರಡನೆಯದು ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳದು. ಅವು ಹಸಿ ಸೇಬಿನಲ್ಲಿರುವಂಥ ತೀಕ್ಷ್ಣವಾದ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವಂಥ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುವುವು. ಚಳಿಯಲ್ಲಿ ಅವು ನಿದ್ರಿಸುವುವು. ನೆಲಮಾಳಿಗೆ ಬೆಚ್ಚಗಾದಾಗ ಏಳುವುವು. ವಸಂತದ ಸೋಜಿಗವೆಂದರೆ ಇಷ್ಟೇ. ಕೆಂಪು ವೈನಿಗೆ ಇದು ರೋಗವಲ್ಲ, ಪಾಕ. ಅದೃಷ್ಟಕ್ಕೆ ಬಿಡದೆ ಬೆಚ್ಚಗಿನ ಎಡೆಯಲ್ಲಿ, ಶುಚಿಯಾದ ಪಾತ್ರೆಯಲ್ಲಿ, ಕಾವಲಿದ್ದು ನಡೆಯಿಸಬೇಕಾದ ಸಂಸ್ಕಾರವೆಂದು ಅವರು ಬೋಧಿಸಿದರು.

1946ರಲ್ಲಿ, ಮಹಾಯುದ್ಧ ಮುಗಿದ ಮರುವರ್ಷ, ಪೇನೋವು ಬೋರ್ಡೋದಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾದನು. ಕೋಠಿಯ ಹುಡುಗನಾಗಿ ಸೇರಿ ಸುಮಾರು ಹತ್ತೊಂಬತ್ತು ವರ್ಷಗಳು ಕಳೆದಿದ್ದುವು. ಉಳಿದವರು ಶಾಲೆಯನ್ನು ಮುಗಿಸಿ ಕೆಲಸಕ್ಕೆ ಹೋಗುವರು. ಇವನು ಕೆಲಸವನ್ನೇ ಶಾಲೆಯ ಮೆಟ್ಟಿಲಾಗಿ ಮಾಡಿಕೊಂಡನು. ಆದುದರಿಂದಲೇ ಅವನ ಉಪದೇಶಗಳಲ್ಲಿ ಆಡಂಬರವಿರಲಿಲ್ಲ. ಹಣ್ಣು ಮಾಗುವವರೆಗೆ ಕಾಯಿರಿ, ಕೊಳೆತುದನ್ನು ಆರಿಸಿ ಎಸೆಯಿರಿ, ಪಾತ್ರೆಗಳನ್ನು ತೊಳೆಯಿರಿ, ಹುದುಗಿನ ಶಾಖವನ್ನು ಅಳೆಯಿರಿ, ಒಂದೊಂದು ಹೊಲದ ರಸವನ್ನೂ ಬೇರೆಯಾಗಿಟ್ಟು ನೋಡಿರಿ. ಅಡಿಗೆಮನೆಯ ಗೃಹಿಣಿ ಉಪ್ಪಿನಕಾಯಿ ಹಾಕುವಾಗ ಅನುಸರಿಸುವ ನಿಯಮಗಳಿಗೂ ಇವಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ತಲೆಮಾರುಗಳಿಂದ ಖ್ಯಾತಿ ಪಡೆದ ಎಸ್ಟೇಟುಗಳ ಒಡೆಯರಿಗೆ ಇದನ್ನು ಹೇಳುವುದಕ್ಕೆ ಧೈರ್ಯ ಬೇಕಾಗಿತ್ತು. ಎಲ್ಲರ ವೈನಿಗೂ ಒಂದೇ ರುಚಿ ಬರುವಂತೆ ಮಾಡುತ್ತಿರುವನೆಂದು ಅವನನ್ನು ದೂರಿದವರೂ ಉಂಟು. 1980ರಲ್ಲಿ ಅವನು ರುಚಿ ನೋಡುವ ಕಲೆಯನ್ನು ಕುರಿತು ಬರೆದ ಗ್ರಂಥವು ಆ ವಿದ್ಯೆಯ ವಿದ್ಯಾರ್ಥಿಗಳಿಗೆ ಇಂದಿಗೂ ಪಠ್ಯ. 2004ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಎರಡನೆಯವನ ಹಾದಿ ಇದಕ್ಕೆ ತಿರುಗುಮುರುಗು. ಪೇನೋವು ಉಗ್ರಾಣದಿಂದ ಶಾಲೆಗೆ ಹೋದನು. ಅಮೆರಿಕದ ವಾರನ್ ವಿನಿಯಾರ್ಸ್ಕಿಯು ಶಾಲೆಯಿಂದ ಉಗ್ರಾಣಕ್ಕೆ ಬಂದನು. 1928ರಲ್ಲಿ ಷಿಕಾಗೋ ನಗರದ ಪೋಲಿಷ್ ಮನೆತನವೊಂದರಲ್ಲಿ ಹುಟ್ಟಿದ ಇವನು, ಪ್ರಾಚೀನ ಗ್ರಂಥಗಳನ್ನೂ ರಾಜನೀತಿಶಾಸ್ತ್ರವನ್ನೂ ಓದಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತಿದ್ದನು. ಮೂವತ್ತಾರನೆಯ ವರ್ಷ ನಡೆಯುತ್ತಿದ್ದಾಗ, 1964ರಲ್ಲಿ, ಆ ಕೆಲಸವನ್ನು ಬಿಟ್ಟು, ಹೆಂಡತಿಯನ್ನೂ ಎಳೆಯ ಮಕ್ಕಳಿಬ್ಬರನ್ನೂ ಕರೆದುಕೊಂಡು, ಮೋಟಾರಿನಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಗೆ ಹೊರಟನು. ಅಲ್ಲಿ ಅವನಿಗೆ ದೊರೆತುದು ಲೀ ಸ್ಟೂವರ್ಟ್ ಎಂಬವನ ಚಿಕ್ಕ ಕಾರ್ಖಾನೆಯಲ್ಲಿ ಆಳಿನ ಕೆಲಸ. ಯಜಮಾನ ಒಬ್ಬ, ಇವನೊಬ್ಬ, ಇಬ್ಬರೇ ಕೆಲಸಗಾರರು. ಪ್ಲೇಟೋವನ್ನು ವ್ಯಾಖ್ಯಾನಿಸಬಲ್ಲವನು ಕೊಳವೆಗಳನ್ನೆಳೆದು ಪೀಪಾಯಿಗಳನ್ನು ತೊಳೆದನು. ಸಣ್ಣ ವಿಷಯದಲ್ಲಿಯೂ ಉದಾಸೀನವನ್ನು ಸಹಿಸದ ಸ್ಟೂವರ್ಟನೇ ಅವನಿಗೆ ಗುರುವಾದನು. 1966ರಲ್ಲಿ ರಾಬರ್ಟ್ ಮೊಂಡಾವಿಯ ಹೊಸ ಕಾರ್ಖಾನೆಯಲ್ಲಿ ಸಹಾಯಕನಾಗಿ ಮತ್ತೆ ಕಲಿತು, 1970ರಲ್ಲಿ ತನ್ನದೇ ಆದ ಭೂಮಿಯನ್ನು ಕೊಂಡು ಬಳ್ಳಿ ನೆಟ್ಟನು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಹೆಸರು ಮರೆಮಾಡಿದ ಸೀಸೆಗಳಿಂದ ರುಚಿಯ ಪರೀಕ್ಷೆ ನಡೆಯಿತು. ಒಂಬತ್ತು ಮಂದಿ ಫ್ರೆಂಚ್ ಪರೀಕ್ಷಕರು ಬೋರ್ಡೋದ ಪ್ರಖ್ಯಾತ ವೈನುಗಳನ್ನೂ ಮೀರಿ, ಕೆಂಪು ವೈನಿನಲ್ಲಿ ಪ್ರಥಮಸ್ಥಾನವನ್ನು ಕೊಟ್ಟುದು ಇವನ 1973ರ ವೈನಿಗೆ.

ಜಯದ ಈ ಕಥೆಯು ಪ್ರಸಿದ್ಧವಾದುದು. ಆದರೆ ತೂಗಿ ನೋಡಬೇಕಾದುದು 1976ರ ಆ ಮಧ್ಯಾಹ್ನವಲ್ಲ. 1964ರ ಆ ಪ್ರಯಾಣ. ಗೆಲ್ಲುವೆನೆಂದು ಆಗ ಅವನಿಗೆ ಯಾರೂ ಹೇಳಿರಲಿಲ್ಲ. ಮಾಸಾಶನ ಬರುವ ಗೌರವದ ಕೆಲಸವನ್ನು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು, ಇನ್ನೊಬ್ಬನ ಪಾತ್ರೆ ತೊಳೆಯಲು ಹೊರಟವನನ್ನು ಬಂಧುಗಳು ಯಾವ ದೇಶದಲ್ಲಾದರೂ ಏನೆಂದು ಭಾವಿಸುವರೋ ವಾಚಕರೇ ಊಹಿಸಬಹುದು. ಪ್ರೌಢನಾದವನು ವಿದ್ಯೆಗೆ ಕೊಡುವ ಶುಲ್ಕವು ಇದೇ. ಹಣವನ್ನು ಸಾಲ ತರಬಹುದು, ಕಾಲವನ್ನು ರಾತ್ರಿಯಿಂದ ಕಡ ತೆಗೆಯಬಹುದು. ಅಹಂಕಾರವನ್ನು ಮಾತ್ರ ಕೈಯಾರ ಎಣಿಸಿ ಕೊಡಬೇಕು.

ಅದಕ್ಕೆ ಪ್ರತಿಯಾಗಿ ಅವನಿಗೆ ಬಾಲಕರಿಗಿಲ್ಲದ ಒಂದು ಸೌಕರ್ಯ ಉಂಟು. ಬಾಲಕನಿಗೆ ಉತ್ತರವನ್ನು ಮೊದಲು ಕಲಿಸಿ, ಪ್ರಶ್ನೆ ಎಂದಾದರೂ ಹುಟ್ಟಲೆಂದು ಗುರುಗಳು ಕಾಯುವರು. ಪ್ರೌಢನು ಪ್ರಶ್ನೆಯನ್ನು ಹೊತ್ತುಕೊಂಡೇ ಬರುವನು. ಕೆಟ್ಟುಹೋದ ಪೀಪಾಯಿಯನ್ನು ಕಂಡವನಿಗೆ ಆಮ್ಲದ ಪಾಠವು ಶುಷ್ಕವೆನಿಸದು. ಗೌತಮನಿಗೂ ಮಗನು ತಂದ ಪ್ರಶ್ನೆಗಳೇ ದಾರಿಯ ಬುತ್ತಿಯಾದುವು.

ಬೋರ್ಡೋದ ಆ ಪರಂಪರೆಯ ಒಂದು ಟಿಸಿಲು ಕನ್ನಡನಾಡಿಗೂ ಬಂದಿದೆ. ಕಂವಲ್ ಗ್ರೋವರ್ ಎಂಬ ಉದ್ಯಮಿಯು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರೆಂಚ್ ಜಾತಿಯ ದ್ರಾಕ್ಷಿಗಳನ್ನು ಬೆಳೆಯಿಸಿ 1988ರಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು. ಮುಂದೆ ಅದಕ್ಕೆ ಸಲಹೆಗಾರನಾಗಿ ಬಂದ ಮಿಷೆಲ್ ರೋಲಾನನು ಬೋರ್ಡೋದಲ್ಲಿ ಪೇನೋವಿನ ವಿದ್ಯೆಯನ್ನು ಕಲಿತವನು. 2007ರಲ್ಲಿ ಕರ್ನಾಟಕ ಸರ್ಕಾರವು ದ್ರಾಕ್ಷಿಯ ಸಂಸ್ಕರಣಕ್ಕೂ ವೈನಿಗೂ ಪ್ರತ್ಯೇಕವಾದ ನೀತಿಯನ್ನು ಪ್ರಕಟಿಸಿತು. ತಿನ್ನುವ ದ್ರಾಕ್ಷಿಯನ್ನು ಮಾತ್ರ ಬಲ್ಲ ಬೇಸಾಯಗಾರನು ಹಿಂಡುವ ದ್ರಾಕ್ಷಿಯ ಕಡೆಗೆ ತಿರುಗಬೇಕಾದರೆ ಮೊದಲಿನಿಂದ ಕಲಿಯಲೇಬೇಕು. ತಿನ್ನುವುದಕ್ಕೆ ದಪ್ಪ ಹಣ್ಣು, ತೆಳು ಸಿಪ್ಪೆ ಬೇಕು. ಹಿಂಡುವುದಕ್ಕೆ ಚಿಕ್ಕ ಹಣ್ಣು, ದಪ್ಪ ಸಿಪ್ಪೆ. ಇಪ್ಪತ್ತು ವರ್ಷಗಳ ಅನುಭವವು ಅಲ್ಲಿ ಅರ್ಧ ನೆರವಾದರೆ ಅರ್ಧ ಅಡ್ಡಿಯಾಗುವುದು.

ಇಂದು ಅನೇಕ ಮನೆಗಳಲ್ಲಿ ಇಂಥ ವಿದ್ಯಾರ್ಥಿಗಳಿರುವರು. ಮಕ್ಕಳು ದೊಡ್ಡವರಾದ ಮೇಲೆ ಪರೀಕ್ಷೆಗೆ ಕುಳಿತುಕೊಳ್ಳುವ ಗೃಹಿಣಿಯರುಂಟು; ಕಚೇರಿಯಿಂದ ಬಂದು ದೀಪದ ಕೆಳಗೆ ಹೊಸ ವಿದ್ಯೆಯ ಪುಸ್ತಕ ಬಿಡಿಸುವ ಗುಮಾಸ್ತರುಂಟು. ಈ ವಯಸ್ಸಿನಲ್ಲಿ ಏಕೆ ಎಂದು ಮನೆಯವರು ನಗೆಯಾಡುವುದೂ ಉಂಟು. ಆ ನಗೆಯಲ್ಲಿ ದ್ವೇಷವಿಲ್ಲ, ಆದರೆ ಚಳಿಯಿದೆ. ಚಳಿಯಲ್ಲಿ ಎರಡನೆಯ ಹುದುಗು ಏಳದು. ಮೊದಲನೆಯದು ಯೌವನದ ಬಿಸಿಯಿಂದ ತಾನೇ ನಡೆದು, ಸಿಹಿಯನ್ನು ಶಕ್ತಿಯಾಗಿ ಮಾಡಿ ಮುಗಿದುಬಿಡುವುದು. ಹುಳಿ ಮಾತ್ರ ಉಳಿದಿರುವುದು. ಅದನ್ನು ಮೃದುವಾಗಿಸುವ ಎರಡನೆಯ ಪಾಕಕ್ಕೆ ಸುತ್ತಲಿನವರು ಒಂದಿಷ್ಟು ಬೆಚ್ಚಗಿನ ಎಡೆಯನ್ನು ಕೊಡಬೇಕು. ಉಗ್ರಾಣದವರು ಬಹುಕಾಲ ಅದನ್ನು ರೋಗವೆಂದೇ ತಿಳಿದಿದ್ದರು. ಮನೆಗಳವರೂ ಅದೇ ತಪ್ಪನ್ನು ಮಾಡಬೇಕಾದುದಿಲ್ಲ.