ಫ್ಯೂಜಿಯ ತಪ್ಪಲಲ್ಲಿ ಎರಡು ಕಡಿವಾಣ

ಟೋಕಿಯೊದಿಂದ ತೊಮೇಯಿ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸುಮಾರು ನೂರು ಕಿ.ಮೀ. ಸಾಗಿದರೆ ಗೊಟೆಂಬಾ. ಅದರ ನೆರೆಯ ಒಯಾಮಾ ಊರಿನ ಗುಡ್ಡಗಳ ನಡುವೆ ಫ್ಯೂಜಿ ಸ್ಪೀಡ್‌ವೇ ಇದೆ. ಮೋಡ ಸರಿದ ದಿನ ಫ್ಯೂಜಿ ಪರ್ವತ ಪಕ್ಕದಲ್ಲೇ ಬಂದು ಕೂತಂತೆ ಕಾಣುತ್ತದೆ. ಮೋಡ ಸರಿಯದ ದಿನಗಳೂ ಉಂಟು. 1976ರ ಫಾರ್ಮುಲಾ ಒನ್ ಪಂದ್ಯದಂದು ಸುರಿದ ಮಳೆಗೆ ನಿಕಿ ಲೌಡಾ ಎರಡೇ ಸುತ್ತಿಗೆ ಕಾರು ನಿಲ್ಲಿಸಿ ಇಳಿದುಬಿಟ್ಟರು. ವಿಶ್ವ ಪ್ರಶಸ್ತಿ ಒಂದೇ ಅಂಕದಿಂದ ಜೇಮ್ಸ್ ಹಂಟ್ ಪಾಲಾಯಿತು.

ಇಲ್ಲಿನ ಓಟದ ಹಾದಿ 4.563 ಕಿ.ಮೀ. ಉದ್ದ. ಅದರಲ್ಲಿ ಸುಮಾರು ಒಂದೂವರೆ ಕಿ.ಮೀ. ಗೆರೆ ಎಳೆದಷ್ಟು ನೇರ! ಜಪಾನಿನ ಕಾರು ತಯಾರಕರು ತಮ್ಮ ದೇಶದಲ್ಲಿ ಮಾರುವ ಕಾರುಗಳು ಗಂಟೆಗೆ 180 ಕಿ.ಮೀ. ಮೀರದಂತೆ ತಾವೇ ಕಡಿವಾಣ ಹಾಕುವ ರೂಢಿ ಇಟ್ಟುಕೊಂಡವರು. 2007ರಲ್ಲಿ ಬಂದ ನಿಸ್ಸಾನ್ ಜಿಟಿ-ಆರ್ ಇದಕ್ಕೊಂದು ಉಪಾಯ ಹೂಡಿತು. 480 ಅಶ್ವಶಕ್ತಿಯ ಈ ಕಾರು ತಾನು ಎಲ್ಲಿದ್ದೇನೆಂದು ಉಪಗ್ರಹದ ನೆರವಿನಿಂದ ಅರಿಯುತ್ತದೆ. ಫ್ಯೂಜಿಯಂಥ ಮಾನ್ಯ ಓಟದ ಮೈದಾನದೊಳಗೆ ಬಂದರೆ ಮಾತ್ರ ಆ ಕಡಿವಾಣ ಬಿಚ್ಚಲು ಚಾಲಕನಿಗೆ ಅವಕಾಶ. ಹೊರಗಿನ ರಸ್ತೆಯಲ್ಲಿ ಅದೇ ಕಾರು ಮತ್ತೆ 180ಕ್ಕೆ ಬದ್ಧ.

ಆದರೆ ಇನ್ನೊಂದು ಕಡಿವಾಣ ಇಲ್ಲಿಯೂ ಬಿಚ್ಚಿಕೊಳ್ಳುವುದಿಲ್ಲ. ಅದು ಎಂಜಿನ್ ಸುತ್ತುಗಳ ಮಿತಿ. ಜಿಟಿ-ಆರ್ ಎಂಜಿನ್ನಿನಲ್ಲಿ ಕೆಂಪು ಗೆರೆ ನಿಮಿಷಕ್ಕೆ 7,000 ಸುತ್ತುಗಳ ಬಳಿ. ಆ ವೇಗದಲ್ಲಿ ಪ್ರತಿ ಪಿಸ್ಟನ್ನೂ ಸೆಕೆಂಡಿಗೆ ಸುಮಾರು 117 ಬಾರಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಪ್ರತಿ ಸಲವೂ ಎರಡು ಕಡೆ ನಿಂತು ದಿಕ್ಕು ಬದಲಿಸಬೇಕು; ಆ ಎಳೆತವನ್ನೆಲ್ಲ ಕನೆಕ್ಟಿಂಗ್ ರಾಡ್ ತಾಳಬೇಕು. ಹಗ್ಗಕ್ಕೆ ಕಟ್ಟಿದ ಬಿಂದಿಗೆಯನ್ನು ಗಿರಗಿರ ತಿರುಗಿಸಿದವರಿಗೆ ಈ ಎಳೆತದ ಗುಣ ಗೊತ್ತು. ವೇಗ ಹೆಚ್ಚಿದಂತೆ ಅದು ವರ್ಗದ ಲೆಕ್ಕದಲ್ಲಿ ಏರುತ್ತದೆ. ಸುತ್ತು 7,000ದಿಂದ 7,700ಕ್ಕೆ ಏರಿದರೆ ಹೆಚ್ಚಳ ಶೇ 10 ಮಾತ್ರ. ಎಳೆತ ಮಾತ್ರ ಶೇ 21ರಷ್ಟು ಹೆಚ್ಚು! ಇತ್ತ ವಾಲ್ವ್‌ಗಳ ಸ್ಪ್ರಿಂಗಿಗೂ ಒಂದು ಶಕ್ತಿ ಇದೆಯಲ್ಲ? ಅದು ಸಾಲದಾದಾಗ ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ಮೇಲೇರುವ ಪಿಸ್ಟನ್ ಅದಕ್ಕೆ ಬಡಿಯುತ್ತದೆ. ಹಾಗಾಗದಂತೆ ಕಾರಿನ ಕಂಪ್ಯೂಟರ್ ಇಂಧನವನ್ನೋ ಕಿಡಿಯನ್ನೋ ಕ್ಷಣ ತಡೆಯುತ್ತದೆ. ಎಂಜಿನ್ ಮುಗ್ಗರಿಸಿದಂತೆ ಸದ್ದು ಮಾಡುವುದು ಆಗಲೇ.

ಈ ಮಿತಿಯನ್ನು ಏರಿಸಿಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಬಲ್ಲವರು ಮೊದಲು ಸ್ಪ್ರಿಂಗ್, ರಾಡ್, ಬೋಲ್ಟ್‌ಗಳನ್ನು ಬದಲಿಸಿ, ಅವು ತಾಳುವಷ್ಟೇ ಸುತ್ತು ಹೆಚ್ಚಿಸುತ್ತಾರೆ. ಕಂಪ್ಯೂಟರಿನ ಒಂದು ಅಂಕಿ ತಿದ್ದಿ ಸುಮ್ಮನಾಗುವವರಿಗೆ ಉಳಿಯುವುದು ಬಹುಪಾಲು ಸದ್ದು ಮಾತ್ರ. ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿ ಕೆಂಪು ಗೆರೆಗೆ ಮುನ್ನವೇ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಆಗ ಮುಂದಿನ ಗೇರಿಗೆ ಹೋಗುವುದೇ ವೇಗದ ದಾರಿ.

ಕಡಿವಾಣ ಕಾಯಲಾಗದ ಸಂದರ್ಭವೂ ಒಂದಿದೆ. ಫ್ಯೂಜಿಯ ನೇರ ಹಾದಿ ಮುಗಿದ ಕೂಡಲೇ ಬಲಕ್ಕೊಂದು ಕಡಿದಾದ ತಿರುವು. ಅಲ್ಲಿ ಬ್ರೇಕ್ ಒತ್ತುತ್ತ ಕೈಯಿಂದ ಗೇರ್ ಇಳಿಸುವ ಚಾಲಕ ನಾಲ್ಕರ ಬದಲು ಎರಡಕ್ಕೆ ಹಾಕಿದನೆನ್ನಿ. ಆಗ ಎಂಜಿನ್ನನ್ನು ತಿರುಗಿಸುವುದು ಇಂಧನವಲ್ಲ, ಚಕ್ರಗಳು. ಕಂಪ್ಯೂಟರ್ ಇಂಧನ ತಡೆದರೂ ಸುತ್ತು ಏರುತ್ತಲೇ ಹೋಗುತ್ತದೆ. ಜಿಟಿ-ಆರ್‌ನ ಸ್ವಯಂಚಾಲಿತ ಗೇರ್ ಪೆಟ್ಟಿಗೆ ಇಂಥ ಆಜ್ಞೆಯನ್ನು ಒಪ್ಪುವುದೇ ಇಲ್ಲ. ಆ ಮಾದರಿಯ ತಯಾರಿಕೆ 2025ರ ಆಗಸ್ಟ್‌ನಲ್ಲಿ ನಿಂತಿತು. ಹಿಂದಿನ ಕೈಗೇರಿನ ಕಾರುಗಳು ಆ ತಿರುವಿನಲ್ಲಿ ನಂಬಬೇಕಾದದ್ದು ಚಾಲಕನ ಎಡಗೈಯನ್ನು ಮಾತ್ರ.