ಸೇಡಮಿನ ದಾರಿಯಲ್ಲಿ ದೊರೆತ ಉತ್ತರ

ಕಳೆದ ಮಾಘಮಾಸದಲ್ಲಿ ಚಿಂಚೋಳಿಯ ಬಂಧುಗಳ ಮನೆಯ ಮದುವೆಗೆಂದು ಕಲಬುರಗಿಯಿಂದ ರೈಲುಗಾಡಿಯನ್ನೇರಿದೆನು. ಶಹಾಬಾದು ಸಮೀಪಿಸಿದೊಡನೆ ಪರಸಿ ಕಲ್ಲಿನ ರಾಶಿಗಳು ಕಣ್ಣಿಗೆ ಬಿದ್ದವು. ನಮ್ಮ ನಾಡಿನ ಎಷ್ಟೋ ಮನೆಗಳ ನೆಲವು ಇಲ್ಲಿಂದಲೇ ಹೋದುದು. ವಾಡಿಯಲ್ಲಿ ಸುಣ್ಣದ ಕಲ್ಲು ಸಿಮೆಂಟಾಗುತ್ತದೆ. ಭಾರವನ್ನೇ ಬೆಳೆಯುವ ಸೀಮೆಯಿದು.

ವಾಡಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಗಾಡಿ ಹತ್ತಿ, ನನ್ನನ್ನು ಗುರುತಿಸಿ ಕಾಲಿಗೆರಗಿದನು. ಪರದೇಶದಲ್ಲಿ ಗಾಳಿಯಂತ್ರಗಳ ಉದ್ಯೋಗದಲ್ಲಿರುವವನು. ಸೇಡಮಿನಲ್ಲಿರುವ ತಾಯಿಯನ್ನು ಕಾಣಲು ಬಂದಿದ್ದನು. ಚಿತ್ತಾಪುರವನ್ನು ದಾಟುವಾಗ ನಗುತ್ತ, "ಸರ, ನಾ ಒಂದು ಪ್ರಶ್ನೆ ಕೇಳಿ ಬೆಂಚಿನ ಮ್ಯಾಲ ನಿಂತಿದ್ದು ನೆನಪದ ಏನ್ರಿ?" ಎಂದನು.

ನೆನಪಿದ್ದಿತು. ವಿಜ್ಞಾನದ ಉಪಾಧ್ಯಾಯರಿಲ್ಲದ ಒಂದು ವರ್ಷ, ಸಂಸ್ಕೃತವನ್ನೋದಿದ ನಾನೇ ವಿದ್ಯುತ್ತಿನ ಪಾಠವನ್ನೂ ಹೇಳಿದ್ದೆನು. ಯಾವ ತಂತಿಯೂ ವಿದ್ಯುತ್ತನ್ನು ಸ್ವಲ್ಪವಾದರೂ ತಡೆಯದೆ ಬಿಡದು ಎಂದೆನು. ತಡೆಯೇ ಇಲ್ಲದ ತಂತಿಯೊಂದು ಇರಬಾರದೇಕೆ ಎಂದು ಈ ಹುಡುಗನು ಕೇಳಿದನು. ಅಧಿಕಪ್ರಸಂಗವೆಂದು ಗದರಿಸಿ ನಿಲ್ಲಿಸಿದೆನು. ವಾಚಕರು ನಗಬಾರದು: ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನೆಸ್ ಎಂಬ ಪಂಡಿತರು ಪಾದರಸವನ್ನು ನೀರು ಹೆಪ್ಪುಗಟ್ಟುವ ಶೈತ್ಯಕ್ಕಿಂತಲೂ 269 ಡಿಗ್ರಿ ಸೆಂಟಿಗ್ರೇಡು ಕೆಳಗೆ ತಣಿಸಿ, ಆ ತಡೆಯು ಮಾಯವಾಗುವುದನ್ನು 1911ರಲ್ಲಿಯೇ ಕಂಡಿದ್ದರು!

ಅಂಥ ಅತಿವಾಹಕ ಪದಾರ್ಥಗಳ ಮೇಲೆಯೇ ಈಗ ಇವನ ಗಮನವೆಲ್ಲ. ಸಮುದ್ರದ ಗಾಳಿಯಂತ್ರಗಳು ದೊಡ್ಡವಾಗುತ್ತಲೇ ಬಂದಿವೆ. ರೆಕ್ಕೆ ಉದ್ದವಾದಷ್ಟೂ ತಿರುಗುವುದು ನಿಧಾನ. ನಿಧಾನವಾಗಿ ತಿರುಗಿಯೂ ಹೆಚ್ಚು ವಿದ್ಯುತ್ತನ್ನು ಕೊಡಬೇಕಾದರೆ ಜನರೇಟರು ಹಿರಿದಾಗಬೇಕು. ನೂರು ಮೀಟರಿಗೂ ಮಿಗಿಲಾದ ಕಂಬದ ನೆತ್ತಿಯಲ್ಲಿ ಆ ಭಾರವನ್ನಿಟ್ಟರೆ ಕಂಬವೂ ಕಡಲತಳದ ಅಡಿಪಾಯವೂ ಅದಕ್ಕೆ ತಕ್ಕಂತೆ ಬಲಿಯಬೇಕು. ಅತಿವಾಹಕದ ಸುರುಳಿಯಾದರೋ ಅಲ್ಪ ಸ್ಥಳದಲ್ಲಿಯೇ ಅಪಾರ ವಿದ್ಯುತ್ತನ್ನು ಹೊತ್ತು ಪ್ರಬಲವಾದ ಅಯಸ್ಕಾಂತವಾಗುತ್ತದೆ; ಯಂತ್ರವನ್ನು ಅಷ್ಟರಮಟ್ಟಿಗೆ ಕಿರಿದು ಮಾಡಬಹುದು. 2018ರಲ್ಲಿ ಡೆನ್ಮಾರ್ಕಿನ ಕಡಲಂಚಿನ ಥೈಬೊರೊನ್ ಎಂಬಲ್ಲಿ, ದಡದ ಮೇಲಿನ ಗಾಳಿಯಂತ್ರವೊಂದಕ್ಕೆ 3.6 ಮೆಗಾವಾಟಿನ ಇಂಥ ಜನರೇಟರನ್ನು ಏರಿಸಿ ವಿದ್ಯುತ್ತನ್ನು ತೆಗೆದರಂತೆ.

"ತಣಿಸುವ ಯಂತ್ರವು ಅಷ್ಟೆತ್ತರದಲ್ಲಿ ಕೆಟ್ಟು ನಿಂತರೆ?" ಎಂದು ಕೇಳಿದೆನು.

ಅವನು ಗಂಭೀರನಾದನು. ತಂಪು ತಪ್ಪಿದೊಡನೆ ತಡೆಯು ಮರಳುವುದು. ನಡುಗಡಲಿಗೆ ದುರಸ್ತಿಯವರು ಹೋಗಬೇಕಾದರೆ ಹಡಗು ಬೇಕು, ಹವೆಯೂ ಕೂಡಿಬರಬೇಕು. ಆದಕಾರಣ ಹಣ ಹಾಕುವವರು ಹಿಂಜರಿಯುತ್ತಾರೆ. "ಭಾರ ಕಡಿಮಿ ಆದ್ರ ಸಾಲದು ಸರ, ನಂಬಿಕಿನೂ ಬರಬೇಕ್ರಿ," ಎಂದನು.

ಈ ಮಾತಿನಲ್ಲಿ ಮಳಖೇಡ ರೋಡು ನಿಲ್ದಾಣವು ಕಳೆದುದೇ ತಿಳಿಯಲಿಲ್ಲ; ರಾಷ್ಟ್ರಕೂಟರನ್ನು ನೆನೆಯದೆ ನಾನು ಅದನ್ನು ದಾಟಿದುದು ಇದೇ ಮೊದಲು. ಸೇಡಮಿನಲ್ಲಿ ಇಳಿದಾಗ, ಅಂದು ಬೆಂಚಿನ ಮೇಲೆ ನಿಲ್ಲಿಸಿದುದು ನನ್ನ ತಪ್ಪೆಂದು ಹೇಳಿದೆನು. ಅವನು ಉತ್ತರ ಕೊಡದೆ ನನ್ನ ಚೀಲವನ್ನು ಎತ್ತಿಕೊಂಡು ಚಿಂಚೋಳಿಯ ಬಸ್ಸಿನವರೆಗೂ ಬಂದನು.